ಹದಿನೇಳು ಗುಲಾಬಿಯರು

ಜನವರಿ 29, 1961, ಆದಿತ್ಯವಾರ

ಬೆಳಿಗ್ಗೆ ಹತ್ತೂಕಾಲಿಗೆ ಹೆರಿಗೆಯಾಯಿತು. ಹೆಣ್ಣು. ಅಮ್ಮಣ್ಣಿ ಸೌಖ್ಯ. ಸೂಲಗಿತ್ತಿ ಸುಂದರಿ ಹೊರಗೆ ಬಂದು, ನೋಡುತ್ತೀರಾ ಎಂದು ಕೇಳಿದಳು. ಅಮೆಯಿದೆ, ಆಮೇಲೆ ನೋಡುತ್ತೇನೆ ಎಂದೆ. ಹೆರಿಗೆಯ ಮೈಲಿಗೆಗೆ ನಾನು ಇಷ್ಟು ಬೆಲೆ ಕೊಡುವವನೆಂದು ನನಗೇ ಇವತ್ತು ಗೊತ್ತಾದದ್ದು. ನಾಲ್ಕನೆಯ ತರಗತಿಯ ಕಾಪಿ ಪುಸ್ತಕಗಳು ಮೂವತ್ತೆರಡು ಬಾಕಿ ಇದ್ದವು. ಎಲ್ಲವನ್ನೂ ತಿದ್ದಿ ಮುಗಿಸಿದೆ.

ಫೆಬ್ರವರಿ 2, ಗುರುವಾರ

ಅಮ್ಮಣ್ಣಿಯ ತಾಯಿ, ನನ್ನ ಅತ್ತೆ ಸೇಸಮ್ಮ, ಮೂಡಬಿದ್ರೆಯಿಂದ ಬಂದು ಇಲ್ಲಿ ಮಡಂತ್ಯಾರಿನ ನಮ್ಮ ಬಿಡಾರದಲ್ಲಿ ಉಳಿದು ಒಂದು ತಿಂಗಳಾಯಿತು. ಮೊದಲಿನ ಎರಡು ಹೆರಿಗೆಯೂ ಅವರ ಮನೆಯಲ್ಲೇ ಆದವು. ಮೊದಲು ಹುಡುಗ. ಅವನಿಗೆ ಅತ್ತೆಯ ಸೋದರಮಾವನ ಹೆಸರು, ಸುಬ್ಬಪ್ಪ. ಹತ್ತೊಂಬತ್ತನೆಯ ದಿನ ಹೋದ. ಆಮೇಲೆ ಹೆಣ್ಣು. ಅವಳಿಗೆ ಅತ್ತೆಯ ತಾಯಿಯ ಹೆಸರು, ಪೂವಮ್ಮ. ಇಪ್ಪತ್ತೇಳನೆಯ ದಿನ. ಈ ಸಲ ಮನೆ ಬದಲಾಗಲಿ ಎಂದು ಅತ್ತೆಯೇ ತೀರ್ಮಾನ ಮಾಡಿದರು.

ಇವತ್ತು ಎಲೆ ಅಡಿಕೆ ಹಾಕಿಕೊಂಡು ಜಗಲಿಯಲ್ಲಿ ನನ್ನ ಎದುರು ಬಂದು ಕೂತರು. ಹದಿನಾರನೆಯ ದಿನ ತೊಟ್ಟಿಲಿಗೆ ಹಾಕುವುದು, ಅಷ್ಟರೊಳಗೆ ಹೆಸರು ಬೇಕು, ಅದನ್ನು ನಾನು ಹುಡುಕಬೇಕು ಎಂದರು. ಕುಟುಂಬದ ಹೆಸರು ಬೇಡವಂತೆ.

"ನಮ್ಮ ಹೆಸರು ಇಟ್ಟ ಕೂಡಲೇ ಅದಕ್ಕೆ ಗುರುತು ಸಿಗ್ತದೆ. ದೂರದ ಹೆಸರು ಬೇಕು. ಎಷ್ಟು ದೂರದ್ದು ಸಿಗ್ತದೋ ಅಷ್ಟು ದೂರದ್ದು. ನೀವು ಓದಿದವರಲ್ವಾ."

ಯಾವುದಕ್ಕೆ ಗುರುತು ಸಿಗುವುದು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇದು ಶುದ್ಧ ಮೂಢನಂಬಿಕೆ. ಹೆಸರಿಗೂ ಆಯುಸ್ಸಿಗೂ ಸಂಬಂಧವಿಲ್ಲವೆಂದು ಮಕ್ಕಳಿಗೆ ಪಾಠ ಮಾಡುವವನು ನಾನು. ಆದರೂ ಸುಮ್ಮನೆ ಕೂರಲಾಗದೆ, ಕಾಶಿ ಎಂದು ಇಡುವ ಎಂದೆ. ಕಾಶಿಗೆ ನಮ್ಮ ದೊಡ್ಡಮಾವ ಹೋಗಿ ಬಂದಿದ್ದಾರೆ, ಅವರು ಬಂದ ದಾರಿಯಲ್ಲಿ ಅದಕ್ಕೂ ಬರಬಹುದು ಎಂದರು. ಬೊಂಬಾಯಿ ಕಡೆಯವರ ಒಂದು ಹೆಸರು ಹೇಳಿದೆ. ಬೊಂಬಾಯಿಗೆ ದಿನಾ ಬಸ್ಸಿದೆ ಎಂದು ಅದನ್ನೂ ತಳ್ಳಿಹಾಕಿದರು. ಭೂಗೋಳದ ವಿಷಯದಲ್ಲಿ ಅತ್ತೆಗೆ ಅವರದೇ ಲೆಕ್ಕಾಚಾರವಿದೆ.

ಒಳಗೆ ಕೂಸು ಅಳುತ್ತಿತ್ತು. ಸ್ವರ ಗಟ್ಟಿಯಾಗಿದೆ. ಮೊದಲಿನ ಎರಡರ ಸ್ವರವೂ ಗಟ್ಟಿಯಾಗಿಯೇ ಇತ್ತು.

ಫೆಬ್ರವರಿ 7, ಮಂಗಳವಾರ

ಬೆಳ್ತಂಗಡಿಯಲ್ಲಿ ಜನಗಣತಿಯ ತರಬೇತಿ. ನಾವು ಮಾಸ್ಟ್ರುಗಳೇ ಗಣತಿದಾರರು. ಪಠ್ಯದ ಜೊತೆಗೆ ಇದೂ ಒಂದು ಎಂದು ಎಲ್ಲರೂ ಗೊಣಗುತ್ತಲೇ ಹೋದೆವು. ನಮ್ಮ ಮೇಲ್ವಿಚಾರಕರು ಪದ್ಮಯ್ಯ ಹೆಗ್ಡೆಯವರು, ನಿವೃತ್ತಿಯ ಅಂಚಿಗೆ ಬಂದ ಹೆಡ್ಮಾಸ್ಟರು. ಕನ್ನಡಕದ ಮೇಲಿಂದ ನೋಡುವ ಮನುಷ್ಯ. ಒಬ್ಬೊಬ್ಬ ಮನುಷ್ಯನಿಗೆ ಒಂದೊಂದು ಚೀಟಿ. ಅರಸನಾದರೂ ಒಂದೇ, ಭಿಕ್ಷುಕನಾದರೂ ಒಂದೇ. ಈ ತಿಂಗಳು ಹತ್ತರಿಂದ ಕೊನೆಯವರೆಗೆ ಮನೆ ಮನೆಗೆ ಹೋಗಿ ಬರೆಯಬೇಕು. ಮಾರ್ಚ್ ಒಂದರ ಸೂರ್ಯೋದಯವೇ ಗಡಿ. ಆ ಹೊತ್ತಿಗೆ ಉಸಿರಾಡುತ್ತಿರುವವರು ಲೆಕ್ಕದಲ್ಲಿ ಇರಬೇಕು. ಅದಕ್ಕೆ ಮೊದಲು ಹೋದವರ ಚೀಟಿಯನ್ನು, ಬರೆದಾಗಿದ್ದರೂ, ಗೆರೆ ಎಳೆದು ಹೊಡೆದು ಹಾಕಬೇಕು. ಹೆಸರಿಡದ ಕೂಸಾದರೆ 'ಶಿಶು' ಎಂದು ಬರೆಯುವುದು.

ಬಸ್ಸಿನಲ್ಲಿ ಹಿಂದಿರುಗುವಾಗ ಇದೇ ತಲೆಯಲ್ಲಿ ತಿರುಗುತ್ತಿತ್ತು. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ನಲವತ್ತು ಕೋಟಿ ಜನರನ್ನು ಒಂದು ಬೆಳಗ್ಗಿನ ಒಂದು ಕ್ಷಣದಲ್ಲಿ ನಿಲ್ಲಿಸಿ ಎಣಿಸುವುದೆಂದರೆ ಏನು. ಗೊಣಗಿದ್ದಕ್ಕೆ ನಾಚಿಕೆಯಾಯಿತು.

ಫೆಬ್ರವರಿ 10, ಶುಕ್ರವಾರ

ಮೊದಲ ದಿನ ಹನ್ನೊಂದು ಮನೆ. ಒಂದನೆಯ ಮನೆಯಲ್ಲೇ ಗುಲಾಬಿ, ಬೀಡಿ ಕಟ್ಟುವವಳು. ನಾಲ್ಕನೆಯ ಮನೆಯಲ್ಲಿ ಹುಕ್ರಪ್ಪನ ಹೆಂಡತಿ ಗುಲಾಬಿ. ಒಂಬತ್ತನೆಯ ಮನೆಯಲ್ಲಿ ಅತ್ತೆಯೂ ಗುಲಾಬಿ, ಸೊಸೆಯೂ ಗುಲಾಬಿ. ಒಬ್ಬಳನ್ನು ಕರೆದರೆ ಇಬ್ಬರೂ ಬರುತ್ತಾರೆ, ಹಾಗಾಗಿ ಕೆಲಸ ಬೇಗ ಆಗುತ್ತದೆ ಎಂದು ಆ ಮನೆಯ ಯಜಮಾನ ಹೇಳಿದ. ಚೀಟಿಗಳನ್ನು ಜೋಡಿಸುವಾಗ, ಗುಲಾಬಿ ಎಂಬ ಹೆಸರಿನ ಮೊಹರು ಮಾಡಿಸಿದ್ದರೆ ಶಾಯಿ ಉಳಿಯುತ್ತಿತ್ತು ಎನಿಸಿತು.

ಹೆಸರು ಇನ್ನೂ ಸಿಕ್ಕಿಲ್ಲ. ಅತ್ತೆ ದಿನಕ್ಕೆರಡು ಸಲ ಕೇಳುತ್ತಾರೆ.

ಫೆಬ್ರವರಿ 12, ಆದಿತ್ಯವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಪೊಡಿಯಬ್ಬ ಬ್ಯಾರಿಗಳ ಮನೆ ಪೇಟೆಯ ಕೊನೆಗೆ. ಎಂಬತ್ತು ದಾಟಿರಬಹುದು. ಪ್ರಾಯದಲ್ಲಿ ಮಂಗಳೂರಿನಿಂದ ಮಂಜಿಯಲ್ಲಿ, ಅಂದರೆ ಹಾಯಿ ಕಟ್ಟಿದ ಹಡಗಿನಲ್ಲಿ, ಅರಬ್ಬರ ದೇಶಕ್ಕೂ ಅದರಾಚೆಗೂ ಹೋಗಿ ಬರುತ್ತಿದ್ದವರು. ಆಮೇಲೆ ಪಾಣೆಮಂಗಳೂರಿನಲ್ಲಿ ಅತ್ತರಿನ ಅಂಗಡಿ ಇಟ್ಟಿದ್ದರು. ಈಗ ಚಾವಡಿಯಲ್ಲಿ ಕೂತು ಬೀದಿ ನೋಡುವುದೇ ಕೆಲಸ. ನಾನು ಹೋದಾಗ, ಖಾನೇಶುಮಾರಿಗೆ ಬಂದದ್ದಾ ಎಂದು ಕೇಳಿದರು. ಹಳಬರು ಗಣತಿಗೆ ಹಾಗೆಯೇ ಅನ್ನುವುದು. ಖಾನೆ ಎಂದರೆ ಮನೆ, ಶುಮಾರ್ ಎಂದರೆ ಎಣಿಕೆ, ಎರಡೂ ಫಾರ್ಸಿ ಮಾತುಗಳು, ಅಂದರೆ ಪಾರಸಿಕರ ಭಾಷೆಯವು ಎಂದು ತಾವಾಗಿಯೇ ಹೇಳಿದರು. ಚೀಟಿಗಳಿದ್ದ ನನ್ನ ಕೈಚೀಲವನ್ನೇ ಹೊಸದಾಗಿ ನೋಡಿದೆ.

ಅವರ ಮನೆಯವರ ಚೀಟಿಗಳನ್ನು ಬರೆದಾದ ಮೇಲೆ, ಮಾತಿಗೆ ಮಾತು ಬಂದು, ಈ ಊರಿನಲ್ಲಿ ಗುಲಾಬಿಯರ ಕಾಟ ಎಂದು ನಗುತ್ತಾ ಹೇಳಿದೆ. ಅವರು ನಗಲಿಲ್ಲ. ಅದೂ ಅಲ್ಲಿಂದಲೇ ಬಂದದ್ದು ಎಂದರು.

"ಗುಲ್ ಅಂದ್ರೆ ಹೂ, ಆಬ್ ಅಂದ್ರೆ ನೀರು. ಅವರಲ್ಲಿ ಗುಲಾಬ್ ಅಂದ್ರೆ ಹೂವಲ್ಲ ಮಾಸ್ಟ್ರೇ, ಪನ್ನೀರು. ಅವರ ಬುಶಹರ್ ಬಂದರದಲ್ಲಿ ನಾನೇ ಹಡಗಿಗೆ ಹೊತ್ತು ಹಾಕಿದ್ದೇನೆ. ದೊಡ್ಡ ದೊಡ್ಡ ಗಾಜಿನ ಬುರುಡೆ, ಹುಲ್ಲಿನಲ್ಲಿ ಸುತ್ತಿ. ಒಂದು ಒಡೆದರೆ ಮೂರು ದಿನ ಸಮುದ್ರವೇ ಪರಿಮಳ."

ಹೂವನ್ನು ಬೇಯಿಸಿ ಇಳಿಸಿದ ನೀರಿನ ಹೆಸರು ಹಡಗು ಹತ್ತಿ ಬಂದು, ಇಲ್ಲಿ ಹೂವಿನ ಹೆಸರಾಗಿ, ಆಮೇಲೆ ಹುಕ್ರಪ್ಪನ ಹೆಂಡತಿಯ ಹೆಸರಾಗಿ ಕೂತಿದೆ. ನನಗೆ ಅಲ್ಲಿಂದ ಏಳಲಿಕ್ಕೇ ಆಗಲಿಲ್ಲ. ಬ್ಯಾರಿಗಳ ಮೊಮ್ಮಗಳು ಚಹಾ ತಂದಿಟ್ಟದ್ದು ಆರಿಹೋಯಿತು.

ಶಾಲೆಗೆ ಹೋಗಿ ಬೀಗ ತೆಗೆದು ಅಟ್ಲಾಸು ಬಿಡಿಸಿದೆ. ಮಂಗಳೂರಿನಿಂದ ಬುಶಹರಿಗೆ ಅಡಿಪಟ್ಟಿ ಇಟ್ಟು ಅಳೆದೆ. ಹತ್ತಿರ ಹತ್ತಿರ ಎರಡು ಸಾವಿರ ಮೈಲಿ. ಕಾಶಿಗೆ ಹೆಚ್ಚುಕಡಿಮೆ ಅದರ ಅರ್ಧ ದೂರ. ಹದಿಮೂರು ವರ್ಷದಿಂದ ಹಾಜರಿ ಪುಸ್ತಕದಲ್ಲಿ ಈ ಹೆಸರನ್ನು ಕೂಗುತ್ತಾ ಬಂದಿದ್ದೇನೆ, ಒಂದು ದಿನವೂ ತಲೆ ಎತ್ತಿ ನೋಡಲಿಲ್ಲ.

ಫೆಬ್ರವರಿ 13, ಸೋಮವಾರ

ಬೆಳಿಗ್ಗೆ ಅತ್ತೆಗೆ ಹೇಳಿದೆ. ನಿರೀಕ್ಷಿಸಿದಂತೆ ಸಿಡುಕಿದರು. ಗುಲಾಬಿಯಾ, ಬಾವಿಕಟ್ಟೆಯಲ್ಲಿ ಕಲ್ಲೆಸೆದರೆ ಗುಲಾಬಿಗೆ ತಾಗುತ್ತದೆ, ಇದು ದೂರವಾ ಎಂದರು. ನಾನು ಅಂಗಳದಲ್ಲಿ ಕಡ್ಡಿಯಿಂದ ಗೆರೆ ಎಳೆದು ಸಮುದ್ರ ತೋರಿಸಿದೆ, ಹಡಗು ತೋರಿಸಿದೆ, ಪನ್ನೀರು ಇಳಿಸುವುದನ್ನೂ ವಿವರಿಸಿದೆ. ಹೆಸರಿಗೂ ಆಯುಸ್ಸಿಗೂ ಸಂಬಂಧವಿಲ್ಲ ಎನ್ನುವ ಮನುಷ್ಯ ಒಂದು ಗಂಟೆ ವಾದ ಮಾಡಿದೆ. ಅತ್ತೆ ಗೆರೆಗಳನ್ನು ತುಂಬಾ ಹೊತ್ತು ನೋಡಿದರು.

"ಇಷ್ಟು ದೂರದಿಂದ ಬಂದು, ಇಷ್ಟು ಮನೆಯಲ್ಲಿ ಬದುಕಿ ಉಳಿದಿದೆ ಅಲ್ವಾ ಈ ಹೆಸರು. ಆಗಲಿ. ಇದೇ ಇರಲಿ."

ಮಧ್ಯಾಹ್ನ ತೊಟ್ಟಿಲಿಗೆ ಹಾಕಿದರು. ಕಿವಿಯಲ್ಲಿ ಹೆಸರು ಹೇಳಿದ್ದು ಅತ್ತೆ. ನಾನು ಆ ಹೊತ್ತಿಗೆ ತೆಂಗಿನೆಣ್ಣೆ ತರಲು ಪೇಟೆಗೆ ಹೋಗಿದ್ದೆ. ಮನೆಯಲ್ಲಿ ಎಣ್ಣೆ ಎರಡು ಬಾಟ್ಲಿ ಇತ್ತೆಂದು ಅಮ್ಮಣ್ಣಿ ಆಮೇಲೆ ಹೇಳಿದಳು.

ಫೆಬ್ರವರಿ 16, ಗುರುವಾರ

ಇವತ್ತು ಹತ್ತೊಂಬತ್ತನೆಯ ದಿನ. ಏನೂ ಬರೆಯುವುದಿಲ್ಲ.

ಫೆಬ್ರವರಿ 20, ಸೋಮವಾರ

ನನ್ನ ಪಾಲಿನ ಮನೆಗಳು ಹೆಚ್ಚುಕಡಿಮೆ ಮುಗಿದವು. ನೂರ ಮೂವತ್ತೊಂದು ಮನೆ, ಹದಿನೇಳು ಗುಲಾಬಿ. ಈಗ ಒಂದು ಚಟ ಹತ್ತಿದೆ. ಚೀಟಿಯಲ್ಲಿ ಕೇಳದ ಎರಡು ಪ್ರಶ್ನೆಗಳನ್ನು ನಾನೇ ಸೇರಿಸಿಕೊಂಡಿದ್ದೇನೆ. ಈ ಹೆಸರು ಯಾಕೆ ಇಟ್ಟರು. ಗುಲಾಬಿ ಹೂ ನೋಡಿದ್ದೀರಾ.

ಯಾಕೆ ಇಟ್ಟರೆಂದು ಹೆಚ್ಚಿನವರಿಗೆ ಗೊತ್ತಿಲ್ಲ. ಒಬ್ಬಳ ತಾಯಿಗೆ ಬಯಕೆಯ ಸೀರೆ ಗುಲಾಬಿ ಬಣ್ಣದ್ದು ಸಿಕ್ಕಿತ್ತಂತೆ. ಇನ್ನೊಬ್ಬಳಿಗೆ ಧಣಿಗಳ ಮನೆಯ ಹುಡುಗಿಯ ಹೆಸರನ್ನೇ ಆಸೆಪಟ್ಟು ಇಟ್ಟರಂತೆ. ಎಲ್ಲರಿಗಿಂತ ಹಿರಿಯವಳು ಗುಲಾಬಿ ಅಜ್ಜಿ, ಕಣ್ಣು ಮಂಜಾಗಿದೆ, ವಯಸ್ಸು ಕೇಳಿದರೆ ದೊಡ್ಡ ನೆರೆಯ ವರ್ಷ ತನಗೆ ಎರಡು ಮಕ್ಕಳಿದ್ದವು ಎನ್ನುತ್ತಾಳೆ. ಆಕೆಯ ಅಜ್ಜಿಯೂ ಗುಲಾಬಿಯೇ ಅಂತೆ. ಅಂದರೆ ಈ ರಸ್ತೆ ಆಗುವ ಮೊದಲು, ಶಾಲೆ ಆಗುವ ಮೊದಲು ಹೆಸರು ಇಲ್ಲಿಗೆ ತಲುಪಿತ್ತು.

ಹೂವನ್ನು ನೋಡದವರು ಹದಿನೇಳರಲ್ಲಿ ಒಂಬತ್ತು ಜನ. ನಮ್ಮಲ್ಲಿ ಕೇಪಳ ಉಂಟು, ಅಬ್ಬಲಿಗೆ ಉಂಟು, ಗುಲಾಬಿ ಗಿಡ ಇರುವುದು ಇಗರ್ಜಿಯ ಪಾದ್ರಿಗಳ ಅಂಗಳದಲ್ಲಿ ಒಂದೇ. ಹೂವಿಗಿಂತ ಮೊದಲೇ ಹೆಸರು ಬಂದು ಮನೆ ಮನೆಯಲ್ಲಿ ನೀರು ಸೇದುತ್ತಿದೆ, ಬೀಡಿ ಕಟ್ಟುತ್ತಿದೆ, ಮಕ್ಕಳನ್ನು ಹೆರುತ್ತಿದೆ. ಇದನ್ನು ನೆನೆದರೆ ನನಗೆ ಮೈ ನವಿರೇಳುತ್ತದೆ. ಯಾರ ಹತ್ತಿರ ಹೇಳಿಕೊಳ್ಳಲಿ. ಅಮ್ಮಣ್ಣಿಗೆ ಹೇಳಿದೆ. ಅವಳು ಮಗುವಿನ ಕಡೆ ತೋರಿಸಿ, ಇಲ್ಲೊಬ್ಬಳಿದ್ದಾಳೆ, ಇವಳನ್ನೂ ಒಮ್ಮೆ ನೋಡಿ ಎಂದಳು. ಕೈಯಲ್ಲಿ ಶಾಯಿ ಇತ್ತು. ದೂರದಿಂದಲೇ ನೋಡಿದೆ. ಕೂದಲು ತುಂಬಾ ಇದೆ.

ಫೆಬ್ರವರಿ 22, ಬುಧವಾರ

ನಿನ್ನೆಯಿಂದ ಹಾಲು ಕುಡಿಯುತ್ತಿಲ್ಲ. ಮೈ ಬಿಸಿ.

ಫೆಬ್ರವರಿ 23, ಗುರುವಾರ

ಮೊದಲ ಬಸ್ಸಿಗೆ ಬಂಟ್ವಾಳ. ಅಲ್ಲಿನ ಡಾಕ್ಟರರ ಕೈಗುಣ ಮಕ್ಕಳಿಗೆ ಒಳ್ಳೆಯದೆಂದು ಸುಂದರಿ ಹೇಳಿದ್ದಳು. ಅಮ್ಮಣ್ಣಿ ಎತ್ತಿಕೊಂಡಿದ್ದಳು, ನಾನು ಕೊಡೆ ಹಿಡಿದಿದ್ದೆ. ಬಸ್ಸಿನಲ್ಲಿ ಅದು ಅಳಲೂ ಇಲ್ಲ. ಅಳುತ್ತಿದ್ದರೆ ಒಳ್ಳೆಯದಿತ್ತು.

ಕಂಪೌಂಡರ್ ಚೀಟಿ ಬರೆಯಲು ಹೆಸರು ಕೇಳಿದ. ಶಿಶು ಎಂದೆ. ಇಲ್ಲಿ ಬಂದಿರುವುದೆಲ್ಲ ಶಿಶುವೇ, ಹೆಸರು ಹೇಳಿ ಎಂದು ರೇಗಿದ. ಅಮ್ಮಣ್ಣಿ ಹೇಳಿದಳು. ಡಾಕ್ಟರರು ಎದೆಗೆ ಕಿವಿಗೊಳವೆ ಇಟ್ಟು ತುಂಬಾ ಹೊತ್ತು ಕೇಳಿದರು. ಕಫ ಕಟ್ಟಿದೆ, ಸೂಜಿ ಕೊಡುತ್ತೇನೆ, ಮದ್ದು ತಪ್ಪಿಸಬೇಡಿ, ಎರಡು ದಿನ ನೋಡುವ ಎಂದರು. ಎರಡು ದಿನ ಎಂದರೆ ನಾಳೆಗೆ ಇಪ್ಪತ್ತೇಳನೆಯ ದಿನ.

ಫೆಬ್ರವರಿ 24, ಶುಕ್ರವಾರ

ಬೆಳಿಗ್ಗೆ ಎಂಟು ಗಂಟೆಗೆ ಬೀಡಿಯ ಗುಲಾಬಿ ಬಂದಳು. ಕೂಸು ನೋಡಲು ಬಂದೆ ಎಂದಳು. ಹಿಂದೆಯೇ ಹುಕ್ರಪ್ಪನ ಹೆಂಡತಿ. ಆಮೇಲೆ ಒಂಬತ್ತನೆಯ ಮನೆಯ ಅತ್ತೆ ಸೊಸೆ. ನಾನು ಯಾರನ್ನೂ ಕರೆದಿರಲಿಲ್ಲ. ಮಾಸ್ಟ್ರ ಕೂಸಿಗೂ ನಮ್ಮ ಹೆಸರೇ ಎಂದು ಸುಂದರಿ ಮನೆ ಮನೆಗೆ ಹೇಳಿದ್ದಳಂತೆ, ಸೌಖ್ಯವಿಲ್ಲವೆಂದೂ ಹೇಳಿದ್ದಳಂತೆ. ಹತ್ತು ಗಂಟೆಗೆ ಜಗಲಿ ತುಂಬಿತು. ನೀರು ಬಿಸಿ ಮಾಡಿದವರು ಕೆಲವರು, ಬಟ್ಟೆ ಒಗೆದವರು ಕೆಲವರು. ಅಮ್ಮಣ್ಣಿಗೆ ಒಬ್ಬಳು ಗಂಜಿ ಕುಡಿಸಿದಳು. ಅವಳು ಎರಡು ದಿನದಿಂದ ಏನೂ ತಿಂದಿರಲಿಲ್ಲವೆಂದು ಆಗಲೇ ನನಗೆ ಗೊತ್ತಾದದ್ದು. ಕೊನೆಗೆ ಗುಲಾಬಿ ಅಜ್ಜಿ ಕೋಲೂರಿಕೊಂಡು, ಮೊಮ್ಮಗಳ ಹೆಗಲು ಹಿಡಿದು ಬಂದಳು. ಹದಿನೇಳು. ಎಣಿಸುವ ಅಭ್ಯಾಸ ನೋಡಿ.

ಮಧ್ಯಾಹ್ನದ ಮೇಲೆ ಉಸಿರು ತೀರಾ ಸಣ್ಣದಾಯಿತು. ಅಮ್ಮಣ್ಣಿಯ ಮುಖ ನೋಡಲಾಗಲಿಲ್ಲ. ಆಗ ನಮ್ಮ ಅತ್ತೆ ಎದ್ದರು. ಹದಿನೇಳು ಜನರನ್ನೂ ಒಳಗೆ ಕರೆದು ತೊಟ್ಟಿಲಿನ ಸುತ್ತ ಕೂರಿಸಿದರು. ಜಾಗ ಸಾಲದೆ ಕೆಲವರು ಬಾಗಿಲಲ್ಲಿ, ಕೆಲವರು ಅಡುಗೆಮನೆಯ ಮೆಟ್ಟಿಲಲ್ಲಿ. ಆಮೇಲೆ ಹೊರಗೆ ನನ್ನ ಹತ್ತಿರ ಬಂದರು.

"ಅದು ಇವತ್ತು ಹೆಸರು ಹಿಡಿದು ಹುಡುಕಿಕೊಂಡು ಬರ್ತದೆ. ನೀವು ಅಂಗಳದಲ್ಲಿ ನಿಂತು ಹೆಸರು ಕರೆಯಿರಿ. ಅಪ್ಪನ ಸ್ವರವೇ ಆಗಬೇಕು. ಎಲ್ಲರೂ ಓ ಅಂತಾರೆ. ಯಾರು ಅಂತ ಅದಕ್ಕೆ ಗೊತ್ತಾಗಬಾರದು."

ಇಂಥ ಕಟ್ಟಳೆ ನಮ್ಮ ಕಡೆ ಎಲ್ಲಿಯೂ ಇಲ್ಲ. ಅತ್ತೆ ಆ ಕ್ಷಣದಲ್ಲಿ ಮಾಡಿಕೊಂಡದ್ದು. ಬೇರೆ ದಿನವಾದರೆ ನಗುತ್ತಿದ್ದೆ. ಅಂಗಳಕ್ಕೆ ಇಳಿದೆ. ಬಿಸಿಲು ಇತ್ತು, ರಸ್ತೆಯಲ್ಲಿ ಒಂದು ಎತ್ತಿನಗಾಡಿ ಹೋಗುತ್ತಿತ್ತು. ಅದು ಹೋಗುವ ತನಕ ಕಾದೆ. ಆಮೇಲೆ ಕರೆದೆ.

"ಗುಲಾಬಿ."

ಒಳಗಿನಿಂದ ಹದಿನೇಳು ಸ್ವರ ಒಟ್ಟಿಗೆ ಓ ಎಂದಿತು. ಮುದುಕಿಯ ಸ್ವರ, ಮೊನ್ನೆ ಮದುವೆಯಾಗಿ ಬಂದವಳ ಸ್ವರ, ಬೀಡಿ ಹೊಗೆಸೊಪ್ಪಿನ ಧೂಳಿಗೆ ಒಡೆದ ಸ್ವರ. ಹೆಂಚು ಹಾರಿಹೋಗುತ್ತದೆಯೋ ಎನಿಸಿತು. ಇನ್ನೊಮ್ಮೆ ಕರೆಯಲು ಅತ್ತೆ ಸನ್ನೆ ಮಾಡಿದರು. ಕರೆದೆ. ಮತ್ತೆ ಓ. ಮೂರನೆಯ ಸಲ ಕರೆದಾಗ, ಅವರ ಸ್ವರ ನಿಂತ ಮೇಲೆ, ಇನ್ನೊಂದು ಸ್ವರ ಉಳಿಯಿತು. ಅಳು. ಎರಡು ದಿನ ಅಳದವಳು ಅಳುತ್ತಿದ್ದಳು.

ನಾನು ಅಂಗಳದಲ್ಲೇ ಕೂತುಬಿಟ್ಟೆ.

ಸ್ವಲ್ಪ ಹೊತ್ತಿಗೆ ಹಾಲು ಕುಡಿದಳು. ಸಂಜೆಗೆ ಮೈ ಬೆವರಿ ಬಿಸಿ ಇಳಿಯಿತು. ಎರಡು ದಿನ ನೋಡುವ ಎಂದು ಡಾಕ್ಟರರು ಹೇಳಿದ್ದರು, ಇವತ್ತು ಎರಡನೆಯ ದಿನ. ಹದಿನೇಳು ಜನ ಒಟ್ಟಿಗೆ ಕೂಗಿದರೆ ಯಾವ ಕೂಸಾದರೂ ಬೆಚ್ಚಿ ಅಳುತ್ತದೆ. ಇದನ್ನೂ ಬರೆದಿಡುತ್ತೇನೆ. ಆದರೆ ಆ ಓ ಎಂಬುದು ಇನ್ನೂ ನನ್ನ ಎದೆಯೊಳಗೆ ಇದೆ. ಎರಡು ಸಾವಿರ ಮೈಲಿ ಆಚೆಯ ಯಾವುದೋ ಬಂದರದ ಮಾತಿಗೆ ನಮ್ಮ ಮಡಂತ್ಯಾರಿನ ಒಂದು ಬಿಡಾರದಿಂದ ಉತ್ತರ ಹೋಯಿತು.

ಫೆಬ್ರವರಿ 26, ಆದಿತ್ಯವಾರ

ಸೌಖ್ಯ. ನಮ್ಮ ಮನೆಯ ಚೀಟಿಗಳನ್ನು ಕೊನೆಗೆಂದು ಇಟ್ಟಿದ್ದೆ, ಇವತ್ತು ಬರೆದೆ. ಅರವತ್ತನಾಲ್ಕನೆಯ ಮನೆ. ಎಲ್ಲವನ್ನೂ ಮನೆಪಟ್ಟಿಯ ಜೊತೆ ಕಟ್ಟಿಟ್ಟಿದ್ದೇನೆ.

ಫೆಬ್ರವರಿ 28, ಮಂಗಳವಾರ

ಮಧ್ಯಾಹ್ನ ಪದ್ಮಯ್ಯನವರು ತಪಾಸಣೆಗೆ ಬಂದರು. ಜಗಲಿಯಲ್ಲಿ ಕೂತು ಕಟ್ಟು ಬಿಚ್ಚಿದರು. ನನ್ನ ಅಕ್ಷರ ನೋಡಿ ತಲೆದೂಗಿದರು, ನನಗೂ ಖುಷಿಯಾಯಿತು. ಅರವತ್ತನಾಲ್ಕಕ್ಕೆ ಬಂದು ನಿಂತರು. ಮೂರು ಚೀಟಿ. ರಮಾನಾಥ, ಅಮ್ಮಣ್ಣಿ, ಸೇಸಮ್ಮ. ಒಳಗಿನಿಂದ ಅಳು ಕೇಳುತ್ತಿತ್ತು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಮಾಸ್ಟ್ರೇ, ಇಡೀ ಊರನ್ನು ಬರೆದಿದ್ದೀರಿ. ಅಳುವವರದ್ದು ಎಲ್ಲಿ ಉಂಟು?"

ಮರೆತೆ ಎಂದೆ. ನಿಜವಾಗಿಯೂ ಮರೆತದ್ದು. ಹದಿಮೂರು ವರ್ಷದ ನೌಕರಿಯಲ್ಲಿ ನನ್ನ ಹಾಜರಿ ಪುಸ್ತಕದಲ್ಲಿ ಒಂದು ತಪ್ಪಿಲ್ಲ. ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಪದ್ಮಯ್ಯನವರು ಬಯ್ಯಲಿಲ್ಲ. ಖಾಲಿ ಚೀಟಿ ಒಂದನ್ನು ನನ್ನ ಮುಂದೆ ಇಟ್ಟು, ನಾಳೆಯಿಂದ ಐದನೆಯ ತಾರೀಕಿನವರೆಗೆ ಮತ್ತೆ ಮನೆ ಸುತ್ತುವುದು ಉಂಟಲ್ಲ, ಸೂರ್ಯೋದಯಕ್ಕೆ ಕಣ್ಣಾರೆ ನೋಡಿ ಬರೆಯಿರಿ ಎಂದು ಹೇಳಿ ಚಹಾ ಕುಡಿದು ಹೋದರು.

ಅಮ್ಮಣ್ಣಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಳು. ಲೋಟ ತೆಗೆಯಲು ಬಂದವಳು ಲೋಟ ತೆಗೆಯದೆ ನಿಂತಳು.

"ನೀವು ಮರೆತದ್ದಲ್ಲ. ಬರೆದರೆ ಹೊಡೆದು ಹಾಕಬೇಕಾದೀತು ಅಂತ ಬರೆಯಲಿಲ್ಲ. ನನಗೂ ಹೆದರಿಕೆ ಉಂಟು. ಆದರೆ ನಾನು ದಿನಾ ಅವಳನ್ನು ಎತ್ತಿಕೊಳ್ತೇನೆ."

ಮರೆತದ್ದು ಎಂದೇ ಇನ್ನೂ ನನಗೆ ಅನಿಸುತ್ತದೆ.

ಮಾರ್ಚ್ 1, ಬುಧವಾರ

ಬೆಳಿಗ್ಗೆ ಬೇಗ ಎದ್ದೆ. ಅತ್ತೆ ಒಲೆ ಹೊತ್ತಿಸುತ್ತಿದ್ದರು. ತೊಟ್ಟಿಲಿನ ಹತ್ತಿರ ಹೋಗಿ, ಹೇಗೆ ಎತ್ತುವುದೆಂದು ತಿಳಿಯದೆ ನಿಂತೆ. ಅಮ್ಮಣ್ಣಿ ಕಣ್ಣು ಬಿಟ್ಟು ನೋಡಿದಳು, ಕತ್ತಿನ ಕೆಳಗೆ ಕೈ ಇಡಿ ಎಂದಳು. ಇಟ್ಟೆ. ಇಷ್ಟು ಹಗುರವೆಂದು ಯಾರೂ ಹೇಳಿರಲಿಲ್ಲ. ಶಾಲೆಯ ಸ್ಲೇಟು ಇದಕ್ಕಿಂತ ಭಾರ.

ಅಂಗಳಕ್ಕೆ ಬಂದು ಘಟ್ಟದ ಕಡೆ ಮುಖ ಮಾಡಿ ನಿಂತೆವು. ಮೊದಲು ಘಟ್ಟದ ತುದಿಯ ಗೆರೆ ಕಾಣಿಸಿತು, ಆಮೇಲೆ ಸೂರ್ಯ ಬಂದ. ಈ ಹೊತ್ತಿಗೆ ದೇಶದಲ್ಲಿ ನಲವತ್ತು ಕೋಟಿ ಜನ ಇದ್ದಾರೆ, ಅದರಲ್ಲಿ ಇವಳೂ ಒಬ್ಬಳು, ನನ್ನ ಕೈಯಲ್ಲಿ. ಅವಳು ಬಿಸಿಲಿಗೆ ಕಣ್ಣು ಕಿರಿದು ಮಾಡಿ ಒಂದು ಸೀನು ಸೀನಿದಳು. ನಾನು ಅತ್ತುಬಿಟ್ಟೆ. ಮೊದಲಿನ ಎರಡು ಸಲವೂ ನಾನು ಅತ್ತಿರಲಿಲ್ಲ.

ಒಳಗೆ ಬಂದು, ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಪೆನ್ನು ತೆಗೆದೆ. ಹೆಸರು, ಗುಲಾಬಿ. ಯಜಮಾನನಿಗೆ ಸಂಬಂಧ, ಮಗಳು. ಅಲ್ಲಿಗೆ ಒಂದು ಹನಿ ಬಿದ್ದು ಶಾಯಿ ಹರಡಿತು. ಇನ್ನೊಂದು ಚೀಟಿ ತೆಗೆದು ಮೊದಲಿನಿಂದ ಬರೆದೆ. ವಯಸ್ಸು, ಸೊನ್ನೆ. ಮಾತೃಭಾಷೆ, ತುಳು. ಅಕ್ಷರಗಳು ನೆಟ್ಟಗಿರಲಿಲ್ಲ, ಆದರೂ ಓದಬಹುದು. ಅದನ್ನು ಅರವತ್ತನಾಲ್ಕನೆಯ ಮನೆಗೆ ಸೇರಿಸಿ ಕಟ್ಟಿದೆ.

ಹಾಳಾದ ಚೀಟಿಗಳನ್ನೂ ಗೆರೆ ಎಳೆದು ಮೇಲಧಿಕಾರಿಗಳಿಗೆ ಒಪ್ಪಿಸಬೇಕೆಂಬುದು ನಿಯಮ. ಶಾಯಿ ಹರಡಿದ ಅವಳ ಚೀಟಿಯ ಮೇಲೆ ನಾನು ಗೆರೆ ಎಳೆಯಲಿಲ್ಲ. ಒಪ್ಪಿಸುವುದೂ ಇಲ್ಲ.